ಕಿತ್ತಳೆ ಬಣ್ಣದ ಪಟ್ಟಿ

ಗಾಲಿಕುರ್ಚಿಯಲ್ಲಿ ಕೂತ ಹೆಂಗಸಿನ ಪಾದ ತಾಳ ಹಾಕುತ್ತಿತ್ತು.

ಹಿಂದೆ ನಡೆದು ಬರುತ್ತಿದ್ದ ಪೋಸ್ಟ್ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಅನುಮಾನವೇ ಇಲ್ಲ. ಬಾಯಲ್ಲಿ ಯಾವುದೋ ಹಾಡು, ಬಲಗಾಲಿನಲ್ಲಿ ಒಂದೂ ಪೆಟ್ಟು ತಪ್ಪದ ತಾಳ. ಅವರ ಕೈ ಕೊರಳಲ್ಲಿ ತೂಗುತ್ತಿದ್ದ ವಿಸಲ್ ಮುಟ್ಟಿತು.

ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ನೆರವಿಗಾಗಿ ಏರ್ಪಾಡಾಗಿದ್ದ ಮೂರು ಮೈಲಿಯ ನಡಿಗೆ ಅದು. ಎಲ್ಲರಿಗಿಂತ ಹಿಂದೆ ನಡೆಯುವುದು, ಯಾರಾದರೂ ಸೋತರೆ ವಿಸಲ್ ಊದಿ ವ್ಯಾನ್ ಕರೆಯುವುದು ಮೇಷ್ಟ್ರ ಕೆಲಸ. "ನರಗಳ ಮೇಲಿನ ಹೊದಿಕೆ ಸವೆಯೋ ಕಾಯಿಲೆ ಇದು," ಎಂದು ಡಾಕ್ಟರಮ್ಮ ಬೆಳಿಗ್ಗೆ ಹೇಳಿದ್ದರು. "ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರಲ್ಲ. ಕಣ್ಣಿಗೆ ಕಂಡದ್ದನ್ನು ನಂಬಬೇಡಿ."

ಕಾಯಿಲೆ ಇದ್ದವರ ಮಣಿಕಟ್ಟಿಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟುವುದೂ ಮೇಷ್ಟ್ರ ಪಾಲಿಗೇ ಬಂದಿತ್ತು. ಆ ಹೆಂಗಸಿನ ಗಂಡ, ದೂರದ ಊರಿನಿಂದ ಬಂದ ಹಿಟ್ಟಿನ ಗಿರಣಿಯವನು, ಅವಳ ಕುರ್ಚಿ ಹಿಡಿದು ನಿಂತದ್ದು ಕಂಡಾಗ ಅವರು ಏನೂ ಕೇಳಲಿಲ್ಲ. ಪರಸ್ತ್ರೀಯ ಕೈ ಹಿಡಿಯಲು ಸಂಕೋಚವಾಗಿ, ಪಟ್ಟಿಯನ್ನು ಕುರ್ಚಿಯ ತೋಳಿಗೆ ಕಟ್ಟಿಬಿಟ್ಟರು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು.

"ಕಟ್ಟಿ ಕಟ್ಟಿ," ಎಂದಿದ್ದಳು ಅವಳು. "ಪಾಪ, ಅದಕ್ಕೂ ಇವತ್ತು ದುಡಿಮೆ ಜಾಸ್ತಿ."

ಬಾಯಿ ಜೋರು. ಆಳೂ ಗಟ್ಟಿ, ಕುರ್ಚಿ ತುಂಬಿ ಕೂತಿದ್ದಳು. ದಾರಿಯುದ್ದಕ್ಕೂ ಗಂಡನ ಮೇಲೆ ದರ್ಬಾರು. "ಎಡಕ್ಕೆ ಗುಂಡಿ. ನಿಧಾನ. ರೀ, ಮುಂದೆ ಜಲ್ಲಿ ಇದೆ, ಕಾಲೆತ್ತಿ." ಗಿರಣಿಯವನು ಅವಳು ಹೇಳಿದ ಹಾಗೆ ನಡೆಯುತ್ತಿದ್ದ. ನೀರು ಕುಡಿಯಲೂ ಹಿಡಿಕೆಯಿಂದ ಕೈ ತೆಗೆಯಲಿಲ್ಲ. ಅವಳೇ ಹಿಂದಕ್ಕೆ ತಿರುಗಿ ಬಾಟಲಿ ಹಿಡಿದಳು, ಟವೆಲು ನೆನೆಸಿ ಅವನ ಕತ್ತಿಗೆ ಹಾಕಿದಳು.

"ಕಾಯಿಲೆಯವಳ ಕೈಲಿ ಸೇವೆ ಮಾಡಿಸ್ಕೊಳ್ತಾನಲ್ಲ, ಮಹಾರಾಯ!" ಎಂದ ಬೇಕರಿಯವನು. ನಡೆಯುವವರಿಗೆ ಬನ್ನು ಹಂಚುತ್ತಾ ಮೇಷ್ಟ್ರ ಜೊತೆಗೇ ಬರುತ್ತಿದ್ದ. "ಅವಳ ಅಂಗೈ ನೋಡಿದ್ರಾ? ಚಕ್ರ ತಿರುಗಿಸಿ ತಿರುಗಿಸಿ ಇದ್ದಿಲಾಗಿದೆ. ಅವನೇನು ಸುಮ್ಮನೆ ಹಿಡ್ಕೊಂಡಿದ್ದಾನಾ?"

ಸೇತುವೆಯ ಮುಂದಿನ ಏರು ಬಂತು. ಆಚೆ ತುದಿಯಲ್ಲಿ ನಡಿಗೆ ಮುಗಿಯುವ ಗುರುತಿಗೆ ದಾರಿಯ ಮೇಲೆ ಎತ್ತರಕ್ಕೆ ಹಗ್ಗ ಕಟ್ಟಿದ್ದರು, ಹನ್ನೆರಡಕ್ಕೆ ಇಳಿಸುತ್ತಾರೆ. ಇನ್ನು ಹತ್ತೇ ನಿಮಿಷ. ಕುರ್ಚಿ ಮೊಳಮೊಳವಾಗಿ ಏರುತ್ತಿತ್ತು. ಬೇಕರಿಯವನಿಗೆ ತಡೆಯಲಾಗಲಿಲ್ಲ. "ಬಿಡಣ್ಣ, ನಾನು ತಳ್ತೀನಿ," ಎಂದು ಹಿಡಿಕೆಗೆ ಕೈ ಹಾಕಿದ.

ಅವಳ ಕೊಡೆ ಅವನ ಮುಂಗೈ ಮೇಲೆ ಬಿತ್ತು.

"ಅಯ್ಯಯ್ಯೋ!"

"ಇನ್ನೊಂದು ಸಲ ಮುಟ್ಟಿದರೆ ಕೊಡೆ ಅಲ್ಲ, ಹಲ್ಲು. ಬನ್ನು ನಾದೋಕೆ ಬೆರಳು ಬೇಕಲ್ಲ ನಿಂಗೆ?"

ಮೇಷ್ಟ್ರು ನಡುವೆ ಬಂದರು. "ಹಟ ಯಾಕಮ್ಮಾ? ಯಜಮಾನರು ಸೋತಿದ್ದಾರೆ. ವ್ಯಾನ್ ಕರೀತೀನಿ. ಇಲ್ಲಾ, ನೀವು ಎರಡು ನಿಮಿಷ ಇಳಿದು ಆ ಕಲ್ಲಿನ ಮೇಲೆ ಕೂತ್ಕೊಳ್ಳಿ. ಭಾರ ಕಡಿಮೆಯಾಗತ್ತೆ."

"ನಾನು ಇಳಿದರೆ ಇವರು ಒಂದು ಹೆಜ್ಜೆ ಇಡಲ್ಲ ಮೇಷ್ಟ್ರೇ. ಬೇಕಾದರೆ ಪಂದ್ಯ ಕಟ್ಟಿ." ಅವಳು ಬೆವರು ಒರೆಸಿಕೊಂಡಳು. ಹಣೆಗೆ ಮಸಿ ಬಳಿದಂತಾಯಿತು. "ಆರು ತಿಂಗಳು ಗಿರಣಿ ಅಂಗಳದಲ್ಲಿ ಈ ಕುರ್ಚಿ ಮೇಲೆ ಗೋಧಿ ಮೂಟೆ ಕೂರಿಸ್ಕೊಂಡು ಅಭ್ಯಾಸ ಮಾಡಿದಾರೆ. ಮೂಟೆ ಗುಂಡಿ ತೋರಿಸಲ್ಲ ನೋಡಿ, ಅದಕ್ಕೆ ನನಗೆ ಬಡ್ತಿ ಸಿಕ್ತು."

ಗಿರಣಿಯವನು ಮೊದಲ ಸಲ ಬಾಯಿಬಿಟ್ಟ. "ಹೋದ ವರ್ಷ ನಮ್ಮೂರಲ್ಲಿ ಅರ್ಧ ದಾರಿಗೇ ವಿಸಲ್ ಊದಿದ್ರು. ಎತ್ತಿ ವ್ಯಾನಿಗೆ ಹಾಕಿದ್ರು. ಅಲ್ಲಿ ಎಲ್ರಿಗೂ ನಮ್ಮ ಮೇಲೆ ಪ್ರೀತಿ ಜಾಸ್ತಿ." ಉಸಿರು ಎಳೆದುಕೊಂಡ. "ಅದಕ್ಕೇ ಗುರುತಿಲ್ಲದ ಊರಿಗೆ ಬಂದ್ವಿ. ಆ ಹಗ್ಗ ದಾಟೋವರೆಗೆ ಈ ಕುರ್ಚಿಗೆ ನಮ್ಮ ಕೈ ಬಿಟ್ಟು ಬೇರೆ ಕೈ ತಾಗಬಾರದು. ಅಷ್ಟೇ."

ಮೇಷ್ಟ್ರು ವಿಸಲ್ ಕೆಳಗೆ ಬಿಟ್ಟರು. ಆದರೆ ಅನುಮಾನ ಬಿಡಲಿಲ್ಲ. ಮುಂದಿನ ತಿರುವಿನಲ್ಲಿ ಚಕ್ರ ಕಲ್ಲಿಗೆ ಸಿಕ್ಕಿದಾಗ, ಅವಳು ಎರಡೂ ಪಾದ ನೆಲಕ್ಕೂರಿ ಕುರ್ಚಿಯನ್ನು ಮೀಟಿ ದಾಟಿಸಿದ್ದನ್ನು ಅವರು ಕಣ್ಣಾರೆ ಕಂಡರು. ಹೋರಿಯ ಕಾಲಿನಂಥ ಕಾಲು. ಮೈಯೆಲ್ಲ ಉರಿಯಿತು. ಕಾಯಿಲೆ ಇದ್ದವರ ಹೆಸರಿನಲ್ಲಿ ನಾಟಕ! ದಾಟಲಿ, ಎಲ್ಲರೆದುರಿಗೇ ಕೇಳುತ್ತೇನೆ ಎಂದುಕೊಂಡರು.

ಹಗ್ಗ ಬಿಚ್ಚಲು ಒಬ್ಬ ಕೈ ಹಾಕಿದ್ದ. "ಮುಟ್ಟಬೇಡ!" ಎಂದು ಅವಳು ಅಬ್ಬರಿಸಿದ್ದಕ್ಕೆ ಬೆಚ್ಚಿ ಹಿಂದೆ ಸರಿದ. ಕುರ್ಚಿ ದಾಟಿತು. ಅದರ ಹಿಂದೆ ಗಿರಣಿಯವನ ಒಂದು ಕಾಲು, ಆಮೇಲೆ ಇನ್ನೊಂದು. ಅವನ ಬಲ ಬೂಟಿನ ತುದಿ ಸವೆದು ಬೆರಳು ಹೊರಗೆ ಬಂದಿತ್ತು.

ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಅವಳು ಟಣ್ಣನೆ ಎದ್ದು ನಿಂತಳು.

ಚಪ್ಪಾಳೆ ಗಕ್ಕನೆ ನಿಂತಿತು. "ನಾನು ಹೇಳಲಿಲ್ವಾ, ಏನೋ ಇದೆ ಅಂತ!" ಎಂದು ಬೇಕರಿಯವನು ಕೂಗಿದ. ಮೇಷ್ಟ್ರು ದಾಪುಗಾಲು ಹಾಕಿ ಬಂದರು. "ಏನಮ್ಮಾ ಇದು ಮೋಸ?"

ಅವಳು ಗಂಡನ ಎರಡೂ ಕೈ ಬಿಡಿಸಿ ತನ್ನ ಹೆಗಲ ಮೇಲಿಟ್ಟುಕೊಂಡಳು, ಕಾಲಿನಿಂದಲೇ ಕುರ್ಚಿಯನ್ನು ಅವನ ಹಿಂದಕ್ಕೆ ಎಳೆದು ಮೆಲ್ಲಗೆ ಅವನನ್ನು ಕೂರಿಸಿದಳು, ಕುರ್ಚಿಯ ತೋಳಿನ ಕಿತ್ತಳೆ ಪಟ್ಟಿ ಬಿಚ್ಚಿ, ನಡುಗುತ್ತಿದ್ದ ಅವನ ಮಣಿಕಟ್ಟಿಗೆ ಕಟ್ಟಿದಳು.

"ಈಗ ಊದಿ ಮೇಷ್ಟ್ರೇ ನಿಮ್ಮ ವಿಸಲ್ಲು," ಎಂದಳು. "ಇವರು ನಡೆದು ಮುಗಿಸಿದ್ರು."