ಗಾಜಿನ ಹಿಂದಿನ ಚೀಟಿ

ಅಮ್ಮನ ಚೀಲದೊಳಗಿಂದ ಅಪ್ಪನ ಫೋನು ರಿಂಗಾಯಿತು. ಮಗಳ ಕೈಯಲ್ಲಿದ್ದ ಕಾಫಿ ಲೋಟ ಅರ್ಧದಲ್ಲೇ ನಿಂತಿತು. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಆ ನಂಬರನ್ನು ಯಾವತ್ತೋ ನಿಲ್ಲಿಸಿಬಿಟ್ಟೆ ಅಂದಿದ್ದಳು ಅಮ್ಮ.

ಹೋಟೆಲಿನ ಕಿಟಕಿಯಾಚೆ, ಚಾರ್ಜಿಗೆ ಹಾಕಿದ್ದ ಅಪ್ಪನ ಎಲೆಕ್ಟ್ರಿಕ್ ಕಾರಿನ ಮುಂದೆ ಯಾರೋ ಒಬ್ಬ ಫೋನನ್ನು ಕಿವಿಗಿಟ್ಟುಕೊಂಡು ಕಾಯುತ್ತಿದ್ದ. ಮಗಳಿಗೆ ಆಗ ಹೊಳೆಯಿತು. ಅಪ್ಪ ಮಾಡುತ್ತಿದ್ದ ಹಾಗೇ ಅವಳೂ, ನಂಬರಿನ ಕಡೆ ಗಮನ ಕೊಡದೆ, ಮುಂದಿನ ಗಾಜಿನ ಹಿಂದೆ ಅವನದೇ ಹಳೇ ಚೀಟಿ ಇಟ್ಟು ಬಂದಿದ್ದಳು: ‘ಕಾರು ತೆಗೀಬೇಕಾದ್ರೆ ಫೋನ್ ಮಾಡಿ.’ ಕೆಳಗೆ ಅಪ್ಪನ ನಂಬರು.

“ಕೊಡಮ್ಮ, ನಾನು ಮಾತಾಡ್ತೀನಿ.”

ಅಮ್ಮ ಕೊಡಲಿಲ್ಲ. ಅವಳು ಹೊರತೆಗೆದ ಫೋನಿನ ಚಾರ್ಜು ನೂರಕ್ಕೆ ನೂರಿತ್ತು. “ಹೌದು, ಅವರದೇ ಕಾರು,” ಅಂದಳು ಫೋನಿನಲ್ಲಿ, ಕಿಟಕಿಯತ್ತ ನೋಡದೆ. “ಒಂದೈದು ನಿಮಿಷ ನಿಲ್ಲಿ. ಕೈ ತೊಳೀತಿದ್ದಾರೆ, ಈಗ ಬಂದ್ಬಿಡ್ತಾರೆ.”