ಜೊತೆಗೊಬ್ಬರು ಬೇಕಾಗಿದ್ದಾರೆ

ಬಡಾವಣೆಗೆ ಹೊಸದಾಗಿ ಬಂದ ವಿಮಲಾಕ್ಷಿ ಪಿಟೀಲು ಹಿಡಿದು, ಜೊತೆಗೆ ನುಡಿಸುವವರನ್ನು ಹುಡುಕುತ್ತ ಮನೆಮನೆಯ ಕರೆಗಂಟೆ ಒತ್ತಿದಳು. "ಎಷ್ಟು ವರ್ಷ ಕಲಿತಿದ್ದೀರಿ?" ಎಂದವರೆಲ್ಲ ಉತ್ತರ ಕೇಳಿ ನಯವಾಗಿ ಬಾಗಿಲು ಹಾಕಿಕೊಂಡರು. ಅವರದ್ದೂ ತಪ್ಪಿಲ್ಲ. ಇಬ್ಬರು ಕೂತು ನುಡಿಸಿದರೆ ಬಲ್ಲವರ ವಿದ್ಯೆ ತಗ್ಗಿಗೆ ನೀರು ಹರಿದಂತೆ ಅರಿಯದವರಿಗೆ ಹರಿದು, ಇಬ್ಬರದೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಕಷ್ಟಪಟ್ಟು ಕಲಿತದ್ದನ್ನು ಯಾರು ತಾನೇ ಕಂಡಕಂಡವರಿಗೆ ಸುರಿದಾರು?

ಕೊನೆಯ ಮನೆಯ ಪಟ್ಟಾಭಿರಾಮು ಮಾತ್ರ ಏನೂ ಕೇಳದೆ ಚಾಪೆ ಹಾಸಿದರು. "ನಮ್ಮನೆಯವಳು ಹೋದ್ಮೇಲೆ ಒಬ್ನೇ ನುಡಿಸಿ ನುಡಿಸಿ ಸಾಕಾಗಿದೆ. ಅರ್ಧ ವಿದ್ಯೆ ಹೋದ್ರೆ ಹೋಗ್ಲಿ, ಕೂತ್ಕೊಳ್ಳಮ್ಮ."

ಇಬ್ಬರೂ ಕಲ್ಯಾಣಿ ರಾಗ ಎತ್ತಿಕೊಂಡರು. ಮೊದಮೊದಲು ಅವರ ಕಮಾನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಓಡುತ್ತಿತ್ತು, ಅವಳದು ಬರೀ ಕೀಚಲು. ನೋಡನೋಡುತ್ತ ಅವಳ ಬೆರಳಿಗೆ ತಾನಾಗಿಯೇ ಗಮಕ ಹತ್ತಿತು. ಅವರು ಮದುವೆಗೂ ಮುಂಚೆ ಸಾಧಿಸಿದ್ದ, ಸ್ವರದಿಂದ ಸ್ವರಕ್ಕೆ ಬೆರಳೆಳೆಯುವ ಜಾರು ಕೈಕೊಟ್ಟಿತು. ಮುಗಿಯುವಾಗ ಎರಡು ಪಿಟೀಲೂ ಒಂದೇ ದನಿಯಾಗಿದ್ದವು.

ಪಟ್ಟಾಭಿರಾಮು ಕಣ್ಣೊರೆಸಿಕೊಂಡರು. "ಎಷ್ಟು ಚೆನ್ನಾಗಿ ಹೊಂದ್ತು. ಅವಳ ಜೊತೆ ಹೀಗೇ ಇರ್ತಿತ್ತು. ನಾಳೆ ಬರ್ತೀಯಲ್ಲಮ್ಮ?"

"ಬಂದು ಏನ್ಮಾಡ್ಲಿ ಸಾರ್? ಈಗ ನೀವೂ ನನ್ನಷ್ಟೇ ಅಲ್ವಾ."

"ಸುಮ್ನೆ ನುಡಿಸಬಹುದಲ್ಲ."

ವಿಮಲಾಕ್ಷಿ ಪೆಟ್ಟಿಗೆ ಮುಚ್ಚಿದಳು. "ಈ ಬೀದೀಲಿ ನಿಮಗಿಂತ ಚೆನ್ನಾಗಿ ನುಡಿಸೋರು ಯಾರಿದ್ದಾರೆ ಸಾರ್?"

ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು.

"ಬೆಳಿಗ್ಗೆವರೆಗೂ ಯಾರೂ ಇರ್ಲಿಲ್ಲಮ್ಮ. ಈಗ ಎಲ್ಲರೂ ಇದ್ದಾರೆ."

ಒಳ್ಳೆಯ ಬಡಾವಣೆಯೇ ಸಿಕ್ಕಿತು ಅಂದುಕೊಂಡು ವಿಮಲಾಕ್ಷಿ ಚಪ್ಪಲಿ ಮೆಟ್ಟಿದಳು.