ಶುಕ್ರವಾರದ ದಾರ

ತಾಯಿ ಮಗಳ ನಡುವಿನ ಮಾತನ್ನು ಹೊರಗಿನವರು ಹೇಳಬಾರದು. ಆದರೂ ಹೇಳುತ್ತಿದ್ದೇನೆ, ಕ್ಷಮಿಸಿ.

ಗದಗಿನ ಆ ಓಣಿಯಲ್ಲಿ ಹಿರಿಯರ ನೋವನ್ನೆಲ್ಲ ದಾರಕ್ಕೆ ಇಳಿಸಿಡುತ್ತಿದ್ದರು. ದಾರ ಯಾರ ಕಾಲಲ್ಲಿದೆಯೋ ನೋವು ಅವರದು. ನೀಲವ್ವನ ಮೊಣಕಾಲು ನೋವಿನ ದಾರವನ್ನು ವಾರಕ್ಕೆ ಆರು ದಿನ ಮಗಳು ಕಾಶವ್ವ ಕಟ್ಟಿಕೊಂಡು ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಶುಕ್ರವಾರ ಅವಳಿಗೆ ರಜೆ. ಅಂದು ದಾರ ತಾಯಿಗೆ.

ಆ ಶುಕ್ರವಾರ ಬಸುರಿ ಗೆಳತಿಯ ಮನೆಯಲ್ಲಿ ಕುಬುಸವಿತ್ತು. ಅವ್ವ ನರಳುತ್ತ ಕೂತಿರುವಾಗ ತಾನು ಗಿರಗಿರನೆ ಸುತ್ತುತ್ತ ಫುಗಡಿ ಆಡಲು ಕಾಶವ್ವನಿಗೆ ಮನಸ್ಸು ಬರಲಿಲ್ಲ. ಅವ್ವನಿಗೆ ಬೇರೊಂದು ದಾರ ಕಟ್ಟಿ, ನಿಜವಾದದ್ದನ್ನು ತನ್ನ ಕಾಲಲ್ಲೇ ಉಳಿಸಿಕೊಂಡು, ಕುಂಟುತ್ತ ಹೋಗಿ ಗೋಡೆಗೆ ಒರಗಿ ಕೂತಳು.

ಅರ್ಧ ತಾಸಿನಲ್ಲಿ ನೀಲವ್ವ ದಾಪುಗಾಲು ಹಾಕುತ್ತ ಬಂದೇಬಿಟ್ಟಳು.

“ಹೊಲಿಗಿ ದಾರಾ ಕಟ್ಟಿ ಅವ್ವಗ ಮೋಸಾ ಮಾಡ್ತೀಯೇನ? ಕೊಡ ನನ್ನ ನೋವು!”

“ಯವ್ವಾ, ಆಮ್ಯಾಲ ನಿನಗ ಮನಿಗೆ ನಡ್ಯಾಕ ಆಗೂದಿಲ್ಲ.”

“ಅದು ಆಮ್ಯಾಲಿನ ಮಾತು. ನೀ ಆಡೂದು ನೋಡಾಕ ಬಂದೇನಿ, ಏಳು.”

ನೆರೆದ ಹೆಂಗಸರೆಲ್ಲ ನಕ್ಕರು. ನೀಲವ್ವ ದಾರ ಬಿಚ್ಚಿ ತಾನು ಕಟ್ಟಿಕೊಂಡಳು. ಹಲ್ಲು ಕಚ್ಚಿ ಕೂತು ಚಪ್ಪಾಳೆ ತಟ್ಟಿದಳು. ಕಾಶವ್ವ ಸೆರಗು ಸಿಕ್ಕಿಸಿ, ದಣಿಯುವಷ್ಟು ಆಡಿದಳು.

ಸಂಜೆ ಇಬ್ಬರೂ ಕೈಕೈ ಹಿಡಿದು, ಮೆಲ್ಲಗೆ, ಒಂದೇ ಹೆಜ್ಜೆಯಲ್ಲಿ ಮನೆಗೆ ಹೋದರು. ಆಗ ದಾರ ಯಾರ ಕಾಲಲ್ಲಿತ್ತೋ, ನನಗೆ ಗೊತ್ತಿಲ್ಲ.